ಅಣ್ಣ ಕೇಳಿದ ಎರಡು ಪ್ರಶ್ನೆ

ನನ್ನ ಅಣ್ಣ ಇಪ್ಪತ್ತಾರು ವರ್ಷಗಳಿಂದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಯಾವ ಬೇರಿಂಗ್ ಕೆಡುತ್ತಿದೆ ಎಂದು ಹೇಳಬಲ್ಲ. ನಾನು ಹನ್ನೊಂದು ವರ್ಷಗಳಿಂದ ಚಾವಣಿಗಳ ಮೇಲೆ ಸೌರ ಫಲಕ ಕೂರಿಸುತ್ತಿದ್ದೇನೆ. ಹವಾಮಾನ ಬದಲಾವಣೆಯನ್ನು ಅವನು ನಂಬುವುದಿಲ್ಲ.

"ಭೂಮಿ ಹಿಂದೆಯೂ ಬಿಸಿಯಾಗಿತ್ತು, ತಣ್ಣಗಾಗಿತ್ತು. ಈಗಿನದು ಮಾತ್ರ ನನ್ನ ಬಾಯ್ಲರಿನ ತಪ್ಪು ಎಂದು ಹೇಗೆ ಹೇಳುತ್ತೀಯ?" ಎಂದು ಕೇಳುತ್ತಿದ್ದ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆದರೆ ಅದು ಕೇಳಬೇಕಾದ ಪ್ರಶ್ನೆಯೇ. ಹಾಗಾಗಿ ಓದಿಕೊಂಡೆ, ಒಂದು ಸಂಜೆ ಕುಳಿತು ಹೇಳಿದೆ.

ಜೀವವಿರುವ ಗಿಡಮರಗಳಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಒಂದಿಷ್ಟು ಇರುತ್ತದೆ. ಸತ್ತ ಮೇಲೆ ಅದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕಲ್ಲಿದ್ದಲು ಕೋಟ್ಯಂತರ ವರ್ಷ ಹಳೆಯದು, ಅದರಲ್ಲಿ ಕಾರ್ಬನ್-14 ಉಳಿದಿಲ್ಲ. ಅದನ್ನು ಸುಟ್ಟಷ್ಟೂ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗಬೇಕು. ಹಾಗೆಯೇ ಆಗಿದೆ ಎಂಬುದನ್ನು 1950ರ ದಶಕದಲ್ಲೇ ವಿಜ್ಞಾನಿ ಹ್ಯಾನ್ಸ್ ಸ್ಯೂಸ್ ಮರಗಳಲ್ಲಿ ಅಳೆದು ತೋರಿಸಿದರು. ಇನ್ನೊಬ್ಬ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು ಸುಮಾರು 315. ಈಗ 420 ದಾಟಿದೆ. ಈ ಅನಿಲ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಸೂರ್ಯನ ಶಾಖವೇ ಹೆಚ್ಚಿದ್ದರೆ ವಾತಾವರಣ ಮೇಲಿನವರೆಗೂ ಬಿಸಿಯಾಗಬೇಕಿತ್ತು. ಆದರೆ ಕೆಳಗಿನ ಪದರ ಬಿಸಿಯಾಗುತ್ತಿದೆ, ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ.

ಅಣ್ಣ ಪೂರ್ತಿ ಕೇಳಿಸಿಕೊಂಡ. "ಇದೆಲ್ಲ ನಿಜವೆಂದೇ ಇಟ್ಟುಕೊಳ್ಳೋಣ. ಸ್ಥಾವರ ಮುಚ್ಚಿದ ಮರುದಿನ ನಾನು ಎಲ್ಲಿಗೆ ಹೋಗಲಿ?" ಎಂದ.

ಇಷ್ಟು ವರ್ಷ ಮೊದಲ ಪ್ರಶ್ನೆಯ ಒಳಗೆ ಇದೇ ಪ್ರಶ್ನೆ ಅಡಗಿತ್ತು, ನನಗೆ ಕೇಳಿಸಿರಲಿಲ್ಲ. ಲಾಭಕ್ಕಾಗಿ ಹಣ ಸುರಿದು ಅನುಮಾನ ಬಿತ್ತಿದವರೂ ಇದ್ದಾರೆ, ಅವರ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ. ಆದರೆ ಅನ್ನದ ತಟ್ಟೆಗೆ ಕೈಹಾಕುವ ಸತ್ಯವನ್ನು ಒಪ್ಪಿಕೋ ಎಂದು ಅಣ್ಣನಿಗೆ ಯಾವ ಬಾಯಿಂದ ಹೇಳಲಿ?

ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ 1 ಕೋಟಿ 62 ಲಕ್ಷ ಜನ ದುಡಿಯುತ್ತಿದ್ದರು. ದೊಡ್ಡ ಸಂಖ್ಯೆಯೇ. ಅಣ್ಣ ಕೇಳಿದ್ದು ಬೇರೆ: ಪಿಂಚಣಿ ಇದೆಯೇ, ಕಾರ್ಮಿಕ ಸಂಘ ಇದೆಯೇ, ಐವತ್ತು ದಾಟಿದವನನ್ನು ಸೇರಿಸಿಕೊಳ್ಳುತ್ತಾರೆಯೇ? ನಾನು ಸುಳ್ಳು ಹೇಳಲಿಲ್ಲ. ಮೊದಲ ಮೂರು ವರ್ಷ ನಾನು ಗುತ್ತಿಗೆಯಲ್ಲಿದ್ದೆ, ಸೊಂಟಕ್ಕೆ ಸುರಕ್ಷತಾ ಪಟ್ಟಿಯೂ ಇಲ್ಲದೆ ಇಳಿಜಾರು ಚಾವಣಿ ಹತ್ತಿದ್ದೇನೆ. ಹಸಿರು ಎಂಬ ಹೆಸರಿಟ್ಟ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದಿಲ್ಲ, ಒಳ್ಳೆಯದಾಗಿಸಬೇಕು.

ಆದರೂ ಈ ಕೆಲಸದ ಮೇಲೆ ನನಗೆ ಅಪಾರ ಪ್ರೀತಿ. ಇದು ಫಲಕ ಹೊತ್ತು ಜೋಡಿಸುವ ಕೂಲಿಯಲ್ಲ. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಫಲಕದಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ಆರಿಸಲು ಬರುವುದಿಲ್ಲ. ಸಾಲಾಗಿ ಜೋಡಿಸಿದರೆ ನೂರಾರು ವೋಲ್ಟ್, ಅದೂ ಒಂದೇ ದಿಕ್ಕಿಗೆ ಹರಿಯುವ ಡಿಸಿ. ಒಮ್ಮೆ ಕಿಡಿ ಹತ್ತಿಕೊಂಡರೆ ಮನೆಗೆ ಬರುವ ಎಸಿಯಷ್ಟು ಸುಲಭವಾಗಿ ನಂದುವುದಿಲ್ಲ. ತಂತಿ ಜೋಡಿಸುವ ಕನೆಕ್ಟರ್ ಸರಿಯಾಗಿ ಒತ್ತದಿದ್ದರೆ ವರ್ಷಗಳ ನಂತರವೂ ಬೆಂಕಿ ಬಿದ್ದೀತು. ಕೈಗೆ ಪಳಗಿದ ಬುದ್ಧಿ ಬೇಕು, ಅಣ್ಣನಂಥವರ ಬುದ್ಧಿ.

ಕಳೆದ ತಿಂಗಳು ಫಲಕದ ಡಿಸಿಯನ್ನು ಎಸಿಗೆ ಬದಲಿಸುವ ಒಂದು ದೊಡ್ಡ ಇನ್ವರ್ಟರ್ ಬಿಸಿಯಾಗಿ ಪದೇಪದೇ ನಿಲ್ಲುತ್ತಿತ್ತು. ರಜೆಯಲ್ಲಿದ್ದ ಅಣ್ಣನನ್ನು ಜೊತೆಗೆ ಕರೆದೊಯ್ದೆ. ನಾನು ಮೀಟರ್ ಹಿಡಿದು ಪರದಾಡುತ್ತಿದ್ದಾಗ ಅವನು ಫ್ಯಾನಿನ ಕವಚಕ್ಕೆ ಸ್ಕ್ರೂಡ್ರೈವರ್ ಒತ್ತಿ ಕಿವಿ ಇಟ್ಟ. "ಬೇರಿಂಗ್ ಒಣಗಿದೆ" ಎಂದ. ಬಿಚ್ಚಿ ನೋಡಿದರೆ ಹಾಗೆಯೇ ಇತ್ತು.

ಆ ದಿನ ಹವಾಮಾನದ ಮಾತು ಬರಲಿಲ್ಲ. ಹಿಂತಿರುಗುವ ದಾರಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಗಾಳಿಯಂತ್ರಗಳ ಗೇರ್‌ಬಾಕ್ಸಿಗೆ ಎಂಥ ಎಣ್ಣೆ ಹಾಕುತ್ತಾರೆ ಎಂದು ಕೇಳಿದ.