‘ರಾಶೊಮೊನ್’ ಥರ ಅಂದರೆ ಸಾಕೇ?

ಸೈನ್ಯದೊಳಗಿನ ತನಿಖೆಯ ಸಿನಿಮಾ ಬಂದರೆ ಸಾಕು, ವಿಮರ್ಶಕರು ಕುರೊಸಾವಾನ ‘ರಾಶೊಮೊನ್’ ಹೆಸರು ಎತ್ತುತ್ತಾರೆ, ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ ಜಪಾನಿ ಸಿನಿಮಾ ಅದು. 1996ರ ‘ಕರೇಜ್ ಅಂಡರ್ ಫೈರ್’ಗೂ ಎತ್ತಿದರು, 2003ರ ‘ಬೇಸಿಕ್’ಗೂ ಎತ್ತಿದರು. ಆದರೆ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಮೊದಲನೆಯದಕ್ಕೆ ಕೊಟ್ಟಿದ್ದು ನಾಲ್ಕಕ್ಕೆ ನಾಲ್ಕು ಸ್ಟಾರ್, ಎರಡನೆಯದಕ್ಕೆ ಒಂದೇ ಒಂದು.

‘ಕರೇಜ್’ನಲ್ಲಿ ಕೊಲ್ಲಿ ಯುದ್ಧದಲ್ಲಿ ಸತ್ತ ಹೆಲಿಕಾಪ್ಟರ್ ಪೈಲಟ್ ಕ್ಯಾಪ್ಟನ್ ವಾಲ್ಡನ್ (ಮೆಗ್ ರಯಾನ್) ಒಬ್ಬನ ಬಾಯಲ್ಲಿ ಧೀರೆ, ಇನ್ನೊಬ್ಬನ ಬಾಯಲ್ಲಿ ಪುಕ್ಕಲಿ. ಇದನ್ನು ಬಿಡಿಸುವುದು ಭಾಷಣವಲ್ಲ, ಒಂದು ಸದ್ದು. ಗುಂಡು ಮುಗಿದಿತ್ತು ಅಂತ ಅವಳ ಜೊತೆಗಿದ್ದವರ ಹೇಳಿಕೆ ಇದ್ದರೂ, ರಕ್ಷಣೆಗೆ ಬಂದವರಿಗೆ ಎಂ-16 ರೈಫಲ್ ಸಿಡಿದದ್ದು ಕೇಳಿಸಿರುತ್ತದೆ. ಹಾಗಾದರೆ ಹಾರಿಸಿದ್ದು ಯಾರು? ಜೊತೆಗೆ, ತನಿಖೆ ಮಾಡುವ ಸರ್ಲಿಂಗ್ (ಡೆನ್ಜೆಲ್ ವಾಷಿಂಗ್ಟನ್) ಕೂಡ ಕತ್ತಲಲ್ಲಿ ತಮ್ಮದೇ ಟ್ಯಾಂಕಿಗೆ ಗುಂಡು ಹೊಡೆಸಿದವನು. ಅದನ್ನು ಸೈನ್ಯ ಮುಚ್ಚಿಟ್ಟಿದೆ. ಅವಳ ತಂಡದ ವೈದ್ಯಕೀಯ ಸಹಾಯಕನ ಪಾತ್ರಕ್ಕೆ ಮ್ಯಾಟ್ ಡೇಮನ್ ಸುಮಾರು 18 ಕೆ.ಜಿ. ಇಳಿಸಿಕೊಂಡು ಬಂದ, ಆ ಬತ್ತಿದ ಮುಖವೇ ಅರ್ಧ ಸಾಕ್ಷಿ.

‘ಬೇಸಿಕ್’ ಎಡವಿದ್ದು ತಿರುವು ಜಾಸ್ತಿಯಾಗಿ ಅಲ್ಲ. ಕೊನೆಯ ತಿರುವು ಹಿಂದಿನ ಹೇಳಿಕೆಗಳನ್ನೆಲ್ಲ ನಾಟಕವಾಗಿಸಿಬಿಡುತ್ತದೆ. ನೋಡುವವರು ಕೂಡಿಟ್ಟ ಸುಳಿವುಗಳಿಗೆ ಆಮೇಲೆ ಬೆಲೆಯೇ ಇಲ್ಲ.

‘ಕರೇಜ್’ ಬಗ್ಗೆಯೂ ಒಂದು ತಕರಾರಿದೆ: ಕೊನೆಗೆ ನಿಜ ಇದೇ ಅಂತ ಕೈಗಿಟ್ಟುಬಿಡುತ್ತದೆ, ಕುರೊಸಾವಾ ಹಾಗೆ ಮಾಡಲಿಲ್ಲ.