ಸಾಲಗಾಮೆ ರಸ್ತೆಯ ಬಾಡಿಗೆ ರೂಮುಗಳು

ಬೇಲೂರು, ಹಳೇಬೀಡಿಗೆ ಹೋಗುವಾಗ ಬಸ್ ಬದಲಿಸಿದ ಊರು. ಹೊರಗಿನವರಿಗೆ ಹಾಸನ ಅಂದ್ರೆ ಅಷ್ಟೇ. ಜಾಸ್ತಿ ಅಂದ್ರೆ ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಹಾಸನಾಂಬೆ. ಆದರೆ ಈ ಊರನ್ನು ಸರಿಯಾಗಿ ನೋಡಿದವರು ಇಲ್ಲಿ ಬಾಡಿಗೆ ರೂಮು ಹಿಡಿದು ಓದಿದವರೇ.

1960ರಲ್ಲಿ ಸಾಲಗಾಮೆ ರಸ್ತೆಯ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು, 1998ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹುಟ್ಟಿದ ಮೇಲೆ ಅದರ ಕೆಳಗೆ ಬಂತು. ಬೇರೆ ಬೇರೆ ಜಿಲ್ಲೆಯ ಹುಡುಗರು ಬಂದರು. ಸುತ್ತಲಿನವರು ಮನೆ ಮೇಲೊಂದು ರೂಮು ಎತ್ತಿದರು. ನಮ್ಮಪ್ಪನೂ ಎತ್ತಿದರು: ಮೇಲೆ ಶೀಟು, ಹೊರಗಿನಿಂದ ಮೆಟ್ಟಿಲು, ಒಂದು ನಲ್ಲಿ.

ಹುಬ್ಬಳ್ಳಿ ಕಡೆಯ ಹುಡುಗರಿಗೆ ಜುಲೈ ಅಂದ್ರೆ ಕಷ್ಟ. "ಈ ಥಂಡಿ ಹ್ಯಾಂಗ ತಡೀತೀರಿ ಆಂಟೀ?" ಅಂತ ಕೇಳೋರು. "ಬಡವರ ಊಟಿ ಕಣಪ್ಪ ಇದು, ಸ್ವೆಟರ್ ತಂದಿಲ್ವಾ?" ಅನ್ನೋರು ಅಮ್ಮ. ಸೋನೆ ಮಳೆಗೆ ಡ್ರಾಯಿಂಗ್ ಶೀಟು ಮೆತ್ತಗಾಗಿ ಗೆರೆ ಸರಿಯಾಗಿ ಬೀಳುತ್ತಿರಲಿಲ್ಲ. ಅದನ್ನು ತಂದು ನಮ್ಮ ಅಡುಗೆಮನೆಯಲ್ಲಿ, ಒಲೆ ಪಕ್ಕದ ಗೋಡೆಗೆ ಒರಗಿಸುತ್ತಿದ್ದರು. ಒಗ್ಗರಣೆ ಹಾಕುವಾಗ ಅಮ್ಮ ಅದನ್ನು ದೂರ ಸರಿಸಬೇಕು! ಊರಿಂದ ಅವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತರೋರು. ನಮ್ಮಿಂದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹೋಗೋದು.

ಇದೇ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯೂ ಇದೆ. 1982ರಿಂದ ಇನ್ಸಾಟ್ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಬೇರೆ ಊರಾಗಿದ್ದರೆ ಸರ್ಕಲ್‌ನಲ್ಲಿ ರಾಕೆಟ್ ನಿಲ್ಲಿಸಿ ಮೆರೆಯುತ್ತಿತ್ತು. ಹಾಸನಕ್ಕೆ ಅಂಥ ಜಂಬ ಇಲ್ಲ, ಅದೇ ನನಗಿಷ್ಟ. ಇಲ್ಲಿ ಜನ ತಲೆ ಕೆಡಿಸಿಕೊಳ್ಳೋದು ಆಲೂಗಡ್ಡೆಗೆ. ಮೇ ತಿಂಗಳಲ್ಲಿ ಪಂಜಾಬಿನ ಬಿತ್ತನೆ ಗಡ್ಡೆಗೆ ಎಪಿಎಂಸಿಯಲ್ಲಿ ನೂಕುನುಗ್ಗಲು. ಪರೀಕ್ಷೆ ಮುಂದಕ್ಕೆ ಹೋದರೆ ಒಂದು ದಿನದ ಸುದ್ದಿ, ಬೆಳೆಗೆ ಅಂಗಮಾರಿ ರೋಗ ಬಿದ್ದರೆ ವರ್ಷವಿಡೀ ಅದೇ ಮಾತು.

ಸುಮ್ನೆ ಅಲ್ಲ ಅದು. ಅರಕಲಗೂಡು ಕಡೆಯ ಹುಡುಗರ ಫೀಸು ಆಲೂಗಡ್ಡೆ ಚೀಲದಲ್ಲೇ ಇರುತ್ತಿತ್ತು, ನಮ್ಮ ಬಾಡಿಗೆ ಕೂಡ. "ಗಡ್ಡೆ ಕಿತ್ತ ಮೇಲೆ ಕೊಡ್ತೀನಿ ಆಂಟಿ" ಅಂದರೆ ಅಮ್ಮ ಬಾಡಿಗೆ ಮಾತು ಬಿಟ್ಟು, "ಈ ಸಲ ಎಷ್ಟಕ್ಕೆ ಹೋಗ್ತಿದೆಯಂತೆ?" ಅಂತ ಕೇಳೋರು. ರೇಟು ಬಿದ್ದ ವರ್ಷ ದುಡ್ಡಿನ ಬದಲು ಆಲೂಗಡ್ಡೆ ಚೀಲವೇ ಮನೆಗೆ ಬಂದದ್ದೂ ಉಂಟು.