ವಿಯೆಟ್ನಾಂ ಅಧ್ಯಯನ ಪ್ರವಾಸ: ಕಾಫಿ ಕಣದಿಂದ ಕಂಡ ಅರ್ಥವ್ಯವಸ್ಥೆ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಎರಡು ವಾರ ವಿಯೆಟ್ನಾಂನಲ್ಲಿದ್ದ ನಾನು, ಅಲ್ಲಿಗೆ ಕಲಿಯಲು ಹೋಗುವವರಿಗೆ ಮೊದಲು ಹೇಳಬೇಕೆಂದಿರುವುದು ಇಷ್ಟೇ: ಹನೋಯ್ ಮತ್ತು ಹೋ ಚಿ ಮಿನ್ ನಗರಗಳಲ್ಲೇ ದಿನಗಳನ್ನೆಲ್ಲ ಕಳೆಯದೆ, ಕನಿಷ್ಠ ನಾಲ್ಕು ದಿನಗಳನ್ನು ಮಧ್ಯದ ಗುಡ್ಡಗಾಡಿನ ಬುವಾನ್ ಮಾ ಥುವೊಟ್ ಪಟ್ಟಣಕ್ಕೆ ಮೀಸಲಿಡಿ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶದ, ರೊಬಸ್ಟಾ ಎಂಬ ಕಾಫಿ ಬಗೆಯ ಸೀಮೆಯ ನಡುಮಧ್ಯೆ ಇರುವ ಪಟ್ಟಣವದು.

ಕೊಡಗಿನಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಆಡಿ ಬೆಳೆದ ನನಗೆ ಅಲ್ಲಿ ಎದ್ದು ಕಂಡದ್ದು ನೆರಳಿನ ಕೊರತೆ. ನಮ್ಮಲ್ಲಿ ಮರಗಳ ನೆರಳಿನಲ್ಲಿ, ಮೆಣಸಿನ ಬಳ್ಳಿಯ ಜೊತೆಗೆ ಬೆಳೆಯುವ ಗಿಡ ಅಲ್ಲಿ ಬಹುಪಾಲು ಬಯಲು ಬಿಸಿಲಿನಲ್ಲಿ ನಿಂತು ಹೆಚ್ಚು ಇಳುವರಿ ಕೊಡುತ್ತದೆ. ಆದರೆ ನಾವು ಕಾಫಿ ಹೂ ಅರಳಿಸುವ ಹೂಮಳೆಗಾಗಿ ಕಾಯುವ ತಿಂಗಳುಗಳಲ್ಲಿ ಅವರು ಬಾವಿ ನೀರನ್ನು ಪಂಪು ಮಾಡಿ ಹಾಯಿಸಬೇಕಾಗುವುದರಿಂದ, ಅಂತರ್ಜಲ ಕುಸಿದಿರುವುದೇ ಅಲ್ಲಿನ ರೈತರ ದೊಡ್ಡ ಚಿಂತೆಯಾಗಿದೆ.

ವಿಯೆಟ್ನಾಂ ಮಾರುಕಟ್ಟೆ ವ್ಯವಸ್ಥೆಯತ್ತ ತಿರುಗಿದ 1986ರ 'ದೊಯ್ ಮೊಯ್' ಆರ್ಥಿಕ ಸುಧಾರಣೆಯ ಬಗ್ಗೆ ತರಗತಿಯಲ್ಲಿ ಓದಿದ್ದೆ. ಅದರ ಅರ್ಥ ಹೊಳೆದದ್ದು ವೃದ್ಧ ರೈತರೊಬ್ಬರು ಕಪಾಟಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ, ಅಂಚು ಸವೆದ ಕೆಂಪು ರಟ್ಟಿನ ಭೂ ಬಳಕೆ ಹಕ್ಕುಪತ್ರವನ್ನು ತೆಗೆದು ತೋರಿಸಿದಾಗ. ಅಲ್ಲಿ ಕಾನೂನಿನ ಪ್ರಕಾರ ನೆಲವೆಲ್ಲ ಇಡೀ ಜನತೆಯದು, ಅದನ್ನು ನಿರ್ವಹಿಸುವುದು ಸರ್ಕಾರ. ಆದರೂ ಆಳುವ ಕಮ್ಯುನಿಸ್ಟ್ ಪಕ್ಷದ 1988ರ ನಿರ್ಣಯವು ರೈತ ಕುಟುಂಬವನ್ನೇ ಕೃಷಿಯ ಘಟಕವೆಂದು ಒಪ್ಪಿಕೊಂಡಿತು, 1993ರ ಭೂ ಕಾಯ್ದೆಯು ಬಳಕೆಯ ಹಕ್ಕನ್ನು ಮಾರುವ, ಅಡವಿಡುವ ಅವಕಾಶ ನೀಡಿತು. ಆ ಕೆಂಪು ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತಂದೇ ಅವರು ಪಂಪು ಕೊಂಡಿದ್ದರು. ನಮ್ಮ ಪಹಣಿಯನ್ನು ನೆನೆದುಕೊಂಡು ಅದನ್ನು ಬಹಳ ಹೊತ್ತು ನೋಡಿದೆ.

ಹತ್ತಿರದ 'ಎಡೆ' ಎಂಬ ಬುಡಕಟ್ಟು ಸಮುದಾಯದ ಹಳ್ಳಿಗಳಿಗೂ ಹೋಗಿ. ಅವರದು ಮಾತೃವಂಶೀಯ ಪದ್ಧತಿ, ಆಸ್ತಿ ಹೆಣ್ಣುಮಕ್ಕಳಿಗೆ ಸೇರುತ್ತದೆ. ಉದ್ದನೆಯ ಮರದ ಮನೆಯ ಏಣಿಯ ಮೇಲ್ತುದಿಯಲ್ಲಿ ಕೆತ್ತಿದ ಜೋಡಿ ಸ್ತನ ಮತ್ತು ಚಂದ್ರನ ಬಿಂಬವೇ ಅದನ್ನು ಹೇಳುತ್ತದೆ. ಒಳಗೆ ಹೋಗುವ ಮೊದಲು, ಚಿತ್ರ ತೆಗೆಯುವ ಮೊದಲು ಮನೆಯವರ ಅನುಮತಿ ಕೇಳುವುದು ಅಗತ್ಯ.

ಭಾರತೀಯರಿಗೆ 90 ದಿನಗಳವರೆಗಿನ ಇ-ವೀಸಾ ಸಿಗುತ್ತದೆ. ಸರ್ಕಾರದ ಅಧಿಕೃತ ತಾಣದಲ್ಲೇ ಅರ್ಜಿ ಹಾಕಿ, ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ ಛಾಯೆಯವು. ಕಾಫಿ ಅಂಗಡಿಯಲ್ಲಿ ನಾನು ತಪ್ಪಾಗಿ ದೊಡ್ಡ ನೋಟನ್ನೇ ಕೊಟ್ಟಾಗ ಅಂಗಡಿಯಾಕೆ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದರು. ಎಲ್ಲೆಡೆಯೂ ಆ ಭಾಗ್ಯ ಸಿಗದು, ಎರಡನ್ನೂ ಬೇರೆ ಬೇರೆ ಇಡಿ. ಸಸ್ಯಾಹಾರಿಗಳು 'ಆನ್ ಚಾಯ್' (ಸಸ್ಯಾಹಾರ ಸೇವನೆ) ಎಂಬ ಮಾತನ್ನು ಕಲಿತಿರಬೇಕು, ಏಕೆಂದರೆ ಬರಿಯ ಸೊಪ್ಪಿನ ಪಲ್ಯದಲ್ಲೂ ಮೀನಿನ ಸಾರ ಸೇರಿರುವುದುಂಟು. ಕಾಫಿ ಕೊಯ್ಲು ಕಾಣಬೇಕಿದ್ದರೆ ನವೆಂಬರ್ ಅಥವಾ ಡಿಸೆಂಬರಿನಲ್ಲಿ ಹೊರಡಿ. ಆಗ ಮನೆಯಂಗಳಗಳಲ್ಲೆಲ್ಲ ಕಾಫಿ ಹಣ್ಣು ಒಣಗುತ್ತಿರುತ್ತದೆ, ಅದನ್ನು ಕೈಯಾಡಿಸುತ್ತಾ ಕುಳಿತವರ ಬಳಿ ಮಾತಿಗೂ ಬಿಡುವಿರುತ್ತದೆ.